ಕಾಫಿ ಸ್ಟೋರಿನಲ್ಲಿ ಜೂಡೊ ಕಲಿಸಿದ ವರ್ಷ

ಹೋದ ತಿಂಗಳು ನಾನೂ ನನ್ನ ಹೆಂಡತಿಯೂ ಹೊರನಾಡಿಗೆ ಹೊರಟಿದ್ದೆವು. ಕಳಸದಲ್ಲಿ ಇಳಿದಾಗ ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಪೇಟೆಯಲ್ಲಿ ಕಾಫಿ ವ್ಯಾಪಾರಿಯೊಬ್ಬರ ಮಳಿಗೆಯ ಎದುರು ಲಾರಿಗೆ ಚೀಲ ಏರಿಸುತ್ತಿದ್ದರು. ಒಣಗಿದ ಕಾಫಿ ಹಣ್ಣಿನ ಹುಳಿ ವಾಸನೆ, ಗೋಣಿಯ ವಾಸನೆ, ಹಮಾಲಿಯೊಬ್ಬ ಸೊಂಟಕ್ಕೆ ಉಜ್ಜಿಕೊಂಡಿದ್ದ ನೋವಿನ ಎಣ್ಣೆಯ ಘಾಟು, ಮೂರೂ ಒಟ್ಟಿಗೆ ಮೂಗಿಗೆ ಬಂದವು. ನಾನು ಅಲ್ಲೇ ನಿಂತುಬಿಟ್ಟೆ.

"ಏನ್ರೀ, ದಾರಿ ಮಧ್ಯೆ ಕಂಬದ ಹಾಗೆ ನಿಂತ್ಬಿಟ್ರಿ? ಜೀಪು ಬರ್ತಾ ಇದೆ, ಈಚೆ ಬನ್ನಿ," ಅಂದಳು ಹೆಂಡತಿ.

"ಎಂತದೂ ಇಲ್ಲ, ನಡಿ," ಅಂದೆ. ಹೊರನಾಡಿಗೆ ಹೋಗೋಣ ಎಂದು ಅವಳು ನಾಲ್ಕೈದು ವರ್ಷದಿಂದ ಕೇಳುತ್ತಿದ್ದಳು. ಮಳೆ, ಮದುವೆ, ಪರೀಕ್ಷೆ ಡ್ಯೂಟಿ ಎಂದು ನಾನು ಏನೋ ಒಂದು ನೆವ ಹೇಳಿ ತಪ್ಪಿಸುತ್ತಿದ್ದೆ. ನನ್ನ ಹಳೆಯ ಶಿಷ್ಯೆ ಪ್ರತಿಮಾ ಮದುವೆಯಾಗಿ ಹೊರನಾಡಿನಲ್ಲಿ ಇದ್ದಾಳೆಂದು ನನಗೆ ಗೊತ್ತಿತ್ತು. ನಿಜವಾದ ಕಾರಣ ಅದು. ಈ ಸಲ ಹೇಳಲು ನೆವ ಉಳಿದಿರಲಿಲ್ಲ.

ನಾನು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಹೋದ ವರ್ಷ ನಿವೃತ್ತನಾದೆ. ಖೋಖೋ, ಕಬಡ್ಡಿ, ಓಟ ಎಲ್ಲವನ್ನೂ ಕಲಿಸಿದ್ದೇನೆ. ಆದರೆ ನನಗೆ ಹೆಸರು ತಂದದ್ದು ಜೂಡೊ. ಟ್ರೈನಿಂಗ್ ಕಾಲೇಜಿನಲ್ಲಿ ಆರು ತಿಂಗಳು ಜೂಡೊ ಕಲಿತಿದ್ದೆ, ಅಷ್ಟೇ. ಆ ಆರು ತಿಂಗಳ ವಿದ್ಯೆಯನ್ನು ಇಪ್ಪತ್ತು ವರ್ಷ ಹಂಚಿದೆ. ಸುತ್ತಮುತ್ತ ನನಗಿಂತ ಹೆಚ್ಚು ಗೊತ್ತಿದ್ದವರು ಯಾರೂ ಇರಲಿಲ್ಲವಾದ್ದರಿಂದ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ.

ಪ್ರತಿಮಾ ನನ್ನ ಕೈಗೆ ಸಿಕ್ಕಿದ್ದು ಎಂಟನೇ ಕ್ಲಾಸಿನಲ್ಲಿ. ಅವಳ ತಂದೆ ಮಂಜಪ್ಪನವರು ನಮ್ಮ ಶಾಲೆಯಿಂದ ಎರಡು ಮೈಲಿ ದೂರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕಾಫಿ ತುಂಬಿಡುವ ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ಮೆತ್ತಗಿನ ಮನುಷ್ಯ. ಮೇಷ್ಟ್ರು ಅಂದರೆ ಕುರ್ಚಿ ಬಿಟ್ಟು ಏಳುವ ಕಾಲದವರು. ಶಾಲೆಯಲ್ಲಿ ಮ್ಯಾಟ್ ಹಾಸುವಷ್ಟು ದೊಡ್ಡ ಕೋಣೆ ಇಲ್ಲ ಎಂದು ನಾನು ಒಮ್ಮೆ ಗೊಣಗಿದ್ದಕ್ಕೆ ಅವರೇ ಯಜಮಾನರ ಹತ್ತಿರ ಮಾತಾಡಿದರು. ಕಾಫಿ ಸ್ಟೋರು ಕೊಯ್ಲಿನ ಕಾಲ ಮುಗಿದು ಮಾಲು ಹೊರಟ ಮೇಲೆ ಖಾಲಿ ಬಿದ್ದಿರುತ್ತದೆ. "ಮುಂದಿನ ಕೊಯ್ಲಿನ ತನಕ ಇಟ್ಕೊಳ್ಳಿ ಮೇಷ್ಟ್ರೇ. ಆಮೇಲೆ ಒಂದು ದಿನ ಹೆಚ್ಚು ಕೇಳ್ಬೇಡಿ," ಅಂದರು ಯಜಮಾನರು. ಹಾಗೆ ಪ್ರತಿ ಮಳೆಗಾಲ ಆ ತಗಡಿನ ಮಾಡಿನ ಸ್ಟೋರು ನಮ್ಮ ಜೂಡೊ ಶಾಲೆಯಾಯಿತು.

ನಾನು ಹೇಳುತ್ತಿರುವ ವರ್ಷ ಅವಳಿಗೆ ಹದಿನೇಳು, ಸೆಕೆಂಡ್ ಪಿಯುಸಿ. ನಮ್ಮ ಶಾಲೆ ಬಿಟ್ಟು ಕಾಲೇಜು ಸೇರಿದ್ದರೂ ಅಭ್ಯಾಸಕ್ಕೆ ನನ್ನ ಹತ್ತಿರವೇ ಬರುತ್ತಿದ್ದಳು. ಡಿಸೆಂಬರಿನಲ್ಲಿ ರಾಜ್ಯಮಟ್ಟದ ಪಂದ್ಯ. ಅದರಲ್ಲಿ ಮೊದಲು ಬಂದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ನಿಜವಾದ ಕೋಚು, ನಿಜವಾದ ಮ್ಯಾಟು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

"ನಾನೂ ಮುಂದೆ ಕೋಚ್ ಆಗ್ತೀನಿ ಸರ್. ಆದ್ರೆ ನಿಮ್ಮ ಹಾಗೆ ಕೂತಲ್ಲಿಂದ ಸೀಟಿ ಊದಲ್ಲ," ಅನ್ನುತ್ತಿದ್ದಳು.

"ಮೊದ್ಲು ಬಿದ್ದು ಏಳೋದು ಕಲಿ, ಆಮೇಲೆ ನನಗೆ ಬುದ್ಧಿ ಹೇಳು," ಅನ್ನುತ್ತಿದ್ದೆ ನಾನು. ಉಳಿದ ಹುಡುಗಿಯರು ಕಿಸಕಿಸ ನಗುತ್ತಿದ್ದರು.

ಅವಳಿಗೆ ಒಂದು ಎಸೆತ ದೇವರು ಕೊಟ್ಟ ಹಾಗೆ ಬಂದಿತ್ತು. ಎದುರಾಳಿಯ ತೋಳು ಹಿಡಿದು, ಸರ್ರನೆ ತಿರುಗಿ, ಅವಳನ್ನು ತನ್ನ ಬಲ ಸೊಂಟದ ಮೇಲೆ ಹೊತ್ತು, ಮುಂದಕ್ಕೆ ಬಗ್ಗಿ ಎಸೆಯುವುದು. ನೋಡುವವರಿಗೆ ಅವಳು ತಿರುಗಿದ್ದು ಕಾಣುತ್ತಿರಲಿಲ್ಲ, ಎದುರಿನವಳು ಬಿದ್ದದ್ದು ಮಾತ್ರ ಕಾಣುತ್ತಿತ್ತು. ಎಡಗಡೆಯಿಂದ ಅದೇ ಎಸೆತ ಮಾಡು ಅಂದರೆ ಎಡವುತ್ತಿದ್ದಳು. ಮೊದಲ ವರ್ಷ ಎರಡು ವಾರ ಎಡಗಡೆ ಮಾಡಿಸಿ ನೋಡಿದೆ. ಆಮೇಲೆ ಬೇಸರ ಬಂತು. ಗೆಲ್ಲುವ ಕಡೆ ಇರುವಾಗ ಸೋಲುವ ಕಡೆಗೆ ಯಾಕೆ ಹೊತ್ತು ಹಾಳುಮಾಡಬೇಕು ಎಂದು ಬಿಟ್ಟುಬಿಟ್ಟೆ.

ಜೂನಿನಲ್ಲಿ ಮಳೆ ಹಿಡಿಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ನನ್ನ ಸೀಟಿಯೂ ಕೇಳುತ್ತಿರಲಿಲ್ಲ. ಅವಳ ತೂಕಕ್ಕೆ ಸರಿಸಮನಾದ ಹುಡುಗಿ ನಮ್ಮ ಗುಂಪಿನಲ್ಲಿ ಇರಲಿಲ್ಲ. ಎಲ್ಲರೂ ಸಣಕಲು ಮಕ್ಕಳು. ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಸ್ಟೋರಿನ ಮೂಲೆಯ ಗೋಣಿಚೀಲಗಳು ಕಂಡವು. ಒಂದಕ್ಕೆ ಕಾಫಿ ಸಿಪ್ಪೆ, ಮೇಲಿಷ್ಟು ಮರಳು ತುಂಬಿಸಿ, ಬಾಯಿ ಹೊಲಿಸಿದೆ. ನಲವತ್ತು ಕೆಜಿಗೆ ಕಡಿಮೆ ಇರಲಿಲ್ಲ. ನೆಲದಿಂದ ಅದನ್ನು ತಬ್ಬಿ ಎತ್ತಬೇಕು, ತಿರುಗಬೇಕು, ಬಲ ಸೊಂಟದ ಮೇಲಿಂದ ಎಸೆಯಬೇಕು. ದಿನಕ್ಕೆ ನೂರು ಸಲ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಇನ್ನೊಂದು ಉಪಾಯವನ್ನೂ ಅಲ್ಲೇ ಕಲಿತೆ. ಎಸ್ಟೇಟಿನಲ್ಲಿ ಐತಪ್ಪ ಎಂಬ ಹಮಾಲಿ ಇದ್ದ. ಐವತ್ತು ದಾಟಿದ್ದರೂ ಕಾಫಿ ಚೀಲ ಹೊತ್ತು ಲಾರಿಯ ಹಲಗೆ ಹತ್ತುವವನು. ಹೊರುವ ಮೊದಲು ಅವನು ಒದ್ದೆ ಟವೆಲನ್ನು ಸೊಂಟಕ್ಕೆ ಮೂರು ಸುತ್ತು ಬಿಗಿದುಕೊಳ್ಳುತ್ತಿದ್ದ. ಹಮಾಲಿಗಳೆಲ್ಲ ಹಾಗೆ ಮಾಡುತ್ತಾರೆ. ಇಷ್ಟು ವರ್ಷ ಹೊತ್ತರೂ ಇವನ ಸೊಂಟ ಗಟ್ಟಿಯಾಗಿರುವುದಕ್ಕೆ ಈ ಕಟ್ಟೇ ಕಾರಣ ಎಂದು ನಾನು ತೀರ್ಮಾನ ಮಾಡಿದೆ. ಮರುದಿನದಿಂದ ಪ್ರತಿಮಾಳ ಜೂಡೊ ಬೆಲ್ಟಿನ ಕೆಳಗೂ ಒದ್ದೆ ಟವೆಲ್ ಬಂತು. ಬಿಗಿದು ಕಟ್ಟುವುದನ್ನು ನಾನೇ ನಿಂತು ನೋಡುತ್ತಿದ್ದೆ.

ಆಗಸ್ಟಿನಲ್ಲಿ ಒಂದು ದಿನ ಮೈ ಬಿಸಿ ಮಾಡುವ ಕಸರತ್ತು ನಡೆಯುವಾಗ ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಸರ್, ಸೊಂಟ ಹಿಡ್ಕೊಂಡ ಹಾಗೆ ಆಗ್ತಿದೆ. ಬೆಳಿಗ್ಗೆ ಚಪ್ಪಲಿ ಹಾಕ್ಕೊಳ್ಳಕ್ಕೆ ಬಗ್ಗಕ್ಕಾಗಲ್ಲ. ಹತ್ತು ಗಂಟೆ ಆದ್ಮೇಲೆ ಸರಿ ಹೋಗುತ್ತೆ."

"ಥಂಡಿ ಅದು. ಹೊಟ್ಟೆ ಗಟ್ಟಿ ಇಲ್ಲದಿದ್ರೆ ಸೊಂಟ ನೋಯೋದೇ," ಅಂದೆ. ಮಲಗಿ ಏಳುವ ಕಸರತ್ತು ನೂರು ಇದ್ದದ್ದನ್ನು ಇನ್ನೂರಕ್ಕೆ ಏರಿಸಿದೆ. ಒಬ್ಬ ಹುಡುಗಿ ಅವಳ ಪಾದ ಒತ್ತಿ ಹಿಡಿಯುತ್ತಿದ್ದಳು, ಇವಳು ಏಳುತ್ತಿದ್ದಳು, ಮಲಗುತ್ತಿದ್ದಳು, ಮತ್ತೆ ಏಳುತ್ತಿದ್ದಳು. ನೂರೈವತ್ತರ ಹೊತ್ತಿಗೆ ಮುಖ ಬಿಳುಚಿಕೊಳ್ಳುತ್ತಿತ್ತು. ಒಂದು ತಿಂಗಳಲ್ಲಿ ಅವಳ ಹೊಟ್ಟೆ ಹಲಗೆಯಾಯಿತು. ನಾನು ಅವಳನ್ನು ತೋರಿಸಿ ಉಳಿದವರಿಗೆ ಹೇಳುತ್ತಿದ್ದೆ, ನೋಡಿ, ಹೀಗಿರಬೇಕು ಎಂದು. ಬೆನ್ನಿನ ಕಡೆ ಏನಿದೆ, ಅದಕ್ಕೇನು ಬೇಕು ಎಂದು ನಾನು ಯೋಚನೆಯನ್ನೇ ಮಾಡಲಿಲ್ಲ.

ಅದೇ ತಿಂಗಳು ಐತಪ್ಪ ಸ್ಟೋರಿಗೆ ಹಗ್ಗ ತೆಗೆದುಕೊಂಡು ಹೋಗಲು ಬಂದವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಪ್ರತಿಮಾ ಚೀಲ ಎತ್ತುತ್ತಿದ್ದಳು, ಎಸೆಯುತ್ತಿದ್ದಳು. ಕೊನೆಗೆ ಅವನು ನನ್ನ ಹತ್ತಿರ ಬಂದ.

"ಸಾರ್, ತಪ್ಪು ತಿಳ್ಕೋಬೇಡಿ. ಆ ಕೂಸು ಚೀಲನ ನೆಲದಿಂದ ಎತ್ತುತ್ತಲ್ಲ. ನಾವು ಹಾಗೆ ಎತ್ತಲ್ಲ ಸಾರ್. ಇಬ್ರು ಎತ್ತಿ ನಮ್ಮ ಮೇಲೆ ಹೊರಿಸ್ತಾರೆ."

"ಇದು ಹೊರೋದಲ್ಲ ಐತಪ್ಪ, ಎಸೆಯೋದು."

"ಅದೂ ಒಂದೇ ಕಡೆ. ನಾವು ಒಂದು ಸಲ ಈ ಭುಜ, ಇನ್ನೊಂದು ಸಲ ಆ ಭುಜ. ಬದಲಾಯಿಸ್ಲಿಲ್ಲ ಅಂದ್ರೆ ಒಂದು ಕೊಯ್ಲಿಗೇ ಮನುಷ್ಯ ವಾಲಿಬಿಡ್ತಾನೆ."

"ಕಾಫಿ ಮೂಟೆಗೂ ಜೂಡೊಗೂ ವ್ಯತ್ಯಾಸ ಇದೆ ಮಾರಾಯ. ನಿನ್ನ ಹಗ್ಗ ತಗೊಂಡು ಹೋಗು," ಅಂದೆ ನಾನು.

ಅವನು ಹೂಂ ಸಾರ್ ಎಂದು ಹೋದ. ಈಗ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವನಿಂದ ಸೊಂಟದ ಕಟ್ಟನ್ನು ಮಾತ್ರ ಕಲಿತೆ. ಅವನ ಸೊಂಟ ನಿಜವಾಗಿ ಉಳಿದದ್ದು ಯಾವುದರಿಂದ ಅನ್ನುವುದನ್ನು ಅವನೇ ಬಂದು ಹೇಳಿದರೂ ಕೇಳಲಿಲ್ಲ. ಹಮಾಲಿಯಿಂದ ಪಾಠ ಕೇಳಿಸಿಕೊಳ್ಳಬೇಕೇ ಎಂಬ ಸೊಕ್ಕು, ಬೇರೆ ಏನೂ ಅಲ್ಲ.

ಮಂಜಪ್ಪನವರೂ ಒಮ್ಮೆ ಕೇಳಿದರು. ಗೌರಿ ಹಬ್ಬದ ಆಸುಪಾಸು ಇರಬೇಕು. ಸ್ಟೋರಿನ ಬೀಗ ಹಾಕುತ್ತಾ, ನನ್ನ ಮುಖ ನೋಡದೆ, "ಅವಳು ಏಳೋವಾಗ ಗೋಡೆ ಹಿಡ್ಕೊಂಡು ಏಳ್ತಾಳೆ ಮೇಷ್ಟ್ರೇ. ತೊಂದ್ರೆ ಏನೂ ಇಲ್ವಲ್ಲ?" ಅಂದರು.

"ಬೆಳೆಯೋ ವಯಸ್ಸು, ನೋವು ಇದ್ದೇ ಇರುತ್ತೆ. ನಾನಿಲ್ವಾ?" ಅಂದೆ.

"ಅದೂ ಸರಿ ಅನ್ನಿ. ನೀವಿರೋವಾಗ ನಂಗೇನು," ಎಂದು ಬೀಗದ ಕೈ ಜೇಬಿಗೆ ಹಾಕಿಕೊಂಡರು. ಮತ್ತೆ ಅವರು ಆ ವಿಷಯ ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಪಂದ್ಯ ನಡೆಯಿತು. ಮೂರು ಬೌಟುಗಳಲ್ಲಿ ಒಂದೂ ಒಂದು ನಿಮಿಷದ ಮೇಲೆ ಹೋಗಲಿಲ್ಲ. ಮೂರೂ ಅದೇ ಎಸೆತ. ಬೇರೆ ತಾಲೂಕಿನ ಮೇಷ್ಟ್ರುಗಳು ಬಂದು ನನ್ನ ಕೈ ಕುಲುಕಿದರು. ನನಗೆ ಕೋಡು ಮೂಡಿತು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಪ್ರತಿಮಾ ಕೂರಲಿಲ್ಲ. ಮೂಡಿಗೆರೆಯವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಆ ತಿರುವುಗಳಲ್ಲಿ ಕಂಡಕ್ಟರೂ ಎರಡು ಸಲ ಕೂರಮ್ಮ ಅಂದ. "ಬೇಡ, ನಿಂತ್ರೇ ಆರಾಮ," ಅಂದಳು. ನಾನು ಉಳಿದ ಮಕ್ಕಳಿಗೆ, "ನೋಡ್ರೇ, ಮೂರು ಬೌಟ್ ಆಡಿದ್ರೂ ಸುಸ್ತಿಲ್ಲ ಅವಳಿಗೆ," ಎಂದು ತೋರಿಸಿದೆ. ಸೊಂಟದ ಡಿಸ್ಕ್ ಕೆಟ್ಟವರಿಗೆ ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು ನೋವು ಎಂದು ಆಮೇಲೆ ತಿಳಿಯಿತು. ಆ ಹುಡುಗಿ ಪದಕ ಕೊರಳಲ್ಲಿ ಹಾಕಿಕೊಂಡು ಕೂರಲಾರದೆ ನಿಂತಿದ್ದಳು.

ನವೆಂಬರಿನಲ್ಲಿ ಮಳೆ ಬಿಟ್ಟಿತು. ಬೆಳಗಿನ ಮಂಜು, ಗಿಡಗಳಲ್ಲಿ ಹಣ್ಣು ಕೆಂಪಾಗತೊಡಗಿತ್ತು. ಒಂದು ಭಾನುವಾರ ಎಲ್ಲರನ್ನೂ ಜೀಪಿನಲ್ಲಿ ದೇವರಮನೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಹುಲ್ಲಿನ ಗುಡ್ಡದಲ್ಲಿ ಮೇಲಕ್ಕೆ ಓಡಿಸಿದರೆ ಕಾಲು ಗಟ್ಟಿಯಾಗುತ್ತದೆ ಎಂದು. ಎರಡನೇ ಸುತ್ತಿನಲ್ಲಿ ಪ್ರತಿಮಾ ಅರ್ಧಕ್ಕೆ ನಿಂತಳು. ನಾನು ಕೆಳಗಿನಿಂದ ಸೀಟಿ ಊದಿದೆ. ಅವಳು ಕದಲಲಿಲ್ಲ. ಸಿಟ್ಟಿನಿಂದ ಹತ್ತಿ ಹೋದೆ.

"ಏನಾಯ್ತೇ?"

"ಎಡಗಾಲಲ್ಲಿ ಇರುವೆ ಹರಿದ ಹಾಗೆ ಆಗ್ತಿದೆ ಸರ್. ಹೆಬ್ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ." ಕಾಲನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡಿ, "ಒಂದು ವಾರ ಬಿಡಲಾ ಸರ್? ಒಂದೇ ವಾರ. ಮೂಡಿಗೆರೇಲಿ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ," ಅಂದಳು.

ಆ ಹುಡುಗಿ ಅದುವರೆಗೆ ರಜೆ ಕೇಳಿದವಳಲ್ಲ. ಜ್ವರ ಇದ್ದಾಗಲೂ ಬಂದವಳು. ಅದೊಂದು ಮಾತೇ ನನಗೆ ಸಾಕಾಗಬೇಕಿತ್ತು. ಆದರೆ ಪಂದ್ಯಕ್ಕೆ ಉಳಿದದ್ದು ಐದು ವಾರ. ಡಾಕ್ಟರ ಹತ್ತಿರ ಹೋದರೆ ಅವರು ಆಡಬೇಡ ಅಂದೇ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ: "ಡಾಕ್ಟ್ರು ಯಾವಾಗ್ಲೂ ಮಲಗು ಅಂತಾರೆ. ಈಗ ಬಿಟ್ರೆ ಬಿಟ್ಟೇ ಹೋಗುತ್ತೆ. ಹಾಸ್ಟೆಲ್ ಸೀಟು ಬೇಕೋ ಬೇಡ್ವೋ, ನೀನೇ ಹೇಳು."

"ಬೇಕು ಸರ್."

"ಮತ್ತೆ?"

ಅವಳು ಟವೆಲ್ ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡಳು. ಮೂರನೇ ಸುತ್ತು ಓಡಿದಳು. ನಾನು ಬ್ಯಾಗಿನಿಂದ ನೋವಿನ ಎಣ್ಣೆ ತೆಗೆದುಕೊಟ್ಟೆ.

ಡಿಸೆಂಬರ್ ಬಂತು, ಕೊಯ್ಲು ಶುರುವಾಯಿತು. ಮಾತಿನ ಪ್ರಕಾರ ಸ್ಟೋರು ಬಿಟ್ಟುಕೊಟ್ಟೆವು. ಕೊನೆಯ ಹತ್ತು ದಿನ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಒಂದಿಷ್ಟು ಹುಲ್ಲು ಹರವಿ ಅಭ್ಯಾಸ ಮಾಡಿಸಿದೆ. ಹಣ್ಣು ಕೀಳುವ ಹೆಂಗಸರು ಸಂಜೆ ತೂಕಕ್ಕೆ ಚೀಲ ತಂದಾಗ ನಿಂತು ನೋಡಿ, "ಅಯ್ಯೋ, ಹೆಣ್ಣು ಹುಡುಗಿಗೆ ಎಂಥಾ ಶಕ್ತಿ," ಅನ್ನುತ್ತಿದ್ದರು. ಪ್ರತಿಮಾ ನಗುತ್ತಿದ್ದಳು. ನಕ್ಕದ್ದನ್ನು ನೋಡಿ ನಾನೂ ಸಮಾಧಾನ ಮಾಡಿಕೊಂಡೆ. ಆಮೇಲೆ ನೋವಿನ ಮಾತನ್ನು ಅವಳು ಎತ್ತಲಿಲ್ಲ. ವಾಸಿಯಾಯಿತು ಅಂದುಕೊಂಡೆ. ವಾಸಿಯಾಯಿತಾ ಎಂದು ಕೇಳಲಿಲ್ಲ.

ರಾಜ್ಯಮಟ್ಟದ ಪಂದ್ಯ ಬಯಲುಸೀಮೆಯ ಒಂದು ಊರಿನಲ್ಲಿತ್ತು. ಮಂಜಪ್ಪನವರು ರಜೆ ಹಾಕಿ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಮೊದಲ ಎರಡು ಬೌಟು ಗೆದ್ದಳು. ಸೆಮಿಫೈನಲ್ಲಿನಲ್ಲಿ ತಡವಾದರೂ ಗೆದ್ದಳು. ಫೈನಲ್ಲಿನಲ್ಲಿ ಎದುರಿನ ಹುಡುಗಿ ಬಲಗಡೆ ಹಿಡಿತವನ್ನೇ ಕೊಡುತ್ತಿರಲಿಲ್ಲ. ಇವಳ ಎಸೆತ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಎಡಗಡೆ ಪೂರ್ತಿ ತೆರೆದಿತ್ತು. ಎಡಗಡೆ ಇವಳಿಗೆ ಬರುತ್ತಿರಲಿಲ್ಲ. ಕೊನೆಗೆ ಹೇಗೋ ತೋಳು ಸಿಕ್ಕಿತು. ನಾನು ಬದಿಯಿಂದ "ಈಗ, ಈಗ" ಎಂದು ಕೂಗಿದೆ. ಅವಳು ತಿರುಗಿದಳು, ಎದುರಾಳಿಯನ್ನು ಸೊಂಟದ ಮೇಲೆ ಹೊತ್ತಳು, ಅಲ್ಲಿಗೇ ನಿಂತಳು. ಅರೆಗಳಿಗೆ ಇಬ್ಬರೂ ಹಾಗೇ ಇದ್ದರು. ಆಮೇಲೆ ಪ್ರತಿಮಾ ಮೊಣಕಾಲೂರಿ ಕುಸಿದಳು. ಎದುರಿನ ಹುಡುಗಿ ಏನೂ ಮಾಡಿರಲಿಲ್ಲ. ಅವಳೇ ಗಾಬರಿಯಾಗಿ ಎದ್ದು ಇವಳ ಬೆನ್ನು ಮುಟ್ಟಿ ನೋಡಿದಳು. ಪ್ರತಿಮಾ ಎರಡು ಸಲ ಏಳಲು ನೋಡಿದಳು. ಎಡಗಾಲು ಮಾತು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಕಾಲೆತ್ತಿಸಿ ನೋಡಿದರು, ಹೆಬ್ಬೆರಳು ಒತ್ತಿಸಿ ನೋಡಿದರು. "ನೋವು ಯಾವಾಗಿಂದ ಇದೆ ಮಗಳೇ?" ಎಂದು ಕೇಳಿದರು.

ಪ್ರತಿಮಾ ನನ್ನನ್ನು ನೋಡಿದಳು. ಒಮ್ಮೆ ಅಪ್ಪನನ್ನು ನೋಡಿದಳು. "ಇವತ್ತೇ ಡಾಕ್ಟ್ರೇ. ಪಂದ್ಯದಲ್ಲಿ," ಅಂದಳು.

ನನ್ನ ಬಾಯಿಗೆ ಬೀಗ ಬಿತ್ತು. ಮಂಜಪ್ಪನವರು ನೆಲ ನೋಡುತ್ತಿದ್ದರು. ಅವರೂ ಹಬ್ಬದ ಹೊತ್ತಿಗೆ ಕೇಳಿದ್ದವರು, ಅವರಿಗೂ ಗೊತ್ತಿತ್ತು. ಡಾಕ್ಟರು ಎಂಆರ್‌ಐ ಮಾಡಿಸಿಕೊಂಡು ಬನ್ನಿ ಅಂದರು. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮಂಜಪ್ಪನವರೂ ನಾನೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತೆವು. ಹೇಳಲು ನನಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಿಕ್ಕಿತ್ತು. ಮಂಜಪ್ಪನವರು, "ನೀವು ಬೆಳಗಿಂದ ಏನೂ ತಿಂದಿಲ್ಲ ಮೇಷ್ಟ್ರೇ," ಎಂದು ಎದ್ದು ಹೋಗಿ ನನಗೆ ಟೀ, ಬನ್ನು ತಂದುಕೊಟ್ಟರು. ನಾನು ತಿಂದೆ.

ಫಿಲ್ಮನ್ನು ದೀಪಕ್ಕೆ ಹಿಡಿದು ಡಾಕ್ಟರು ತೋರಿಸಿದರು. ಬೆನ್ನುಮೂಳೆಯ ನಡುವಿನ ಡಿಸ್ಕುಗಳು ಮೇಲಿನವು ಬೆಳ್ಳಗೆ, ತುಂಬಿಕೊಂಡು ಇದ್ದವು. ಕೆಳಗಿನ ಎರಡು ಕಪ್ಪಾಗಿದ್ದವು, ಚಪ್ಪಟೆ. ಒಂದು ಹಿಂದಕ್ಕೆ ಉಬ್ಬಿ ನರ ಒತ್ತುತ್ತಿತ್ತು. "ನೀರು ಇಂಗಿಹೋಗಿದೆ. ಅರವತ್ತರ ಹೆಂಗಸಿನ ಬೆನ್ನು ಹೀಗಿದ್ರೆ ನಾನು ಆಶ್ಚರ್ಯಪಡಲ್ಲ," ಅಂದರು. ಇನ್ನೊಂದು ಚಿತ್ರದಲ್ಲಿ ಬೆನ್ನುಮೂಳೆಯ ಎರಡೂ ಕಡೆಯ ಮಾಂಸಖಂಡ ಕಾಣುತ್ತಿತ್ತು. ಬಲಗಡೆಯದು ದಪ್ಪ. ಎಡಗಡೆಯದು ಬಡಕಲು, ನಡುನಡುವೆ ಬಿಳಿ ಕೊಬ್ಬಿನ ಗೆರೆ. ಮೂಳೆಗೆ ಅಂಟಿಕೊಂಡಿರುವ ಈ ಸಣ್ಣ ಮಾಂಸಖಂಡಗಳೇ ಬೆನ್ನನ್ನು ಹಿಡಿದಿಡುವುದು, ಹೊಟ್ಟೆಯೊಂದೇ ಗಟ್ಟಿಯಾದರೆ ಸಾಲದು ಎಂದು ವಿವರಿಸಿದರು.

"ಯಾವ ಕಡೆಯಿಂದ ಎಸೀತಾಳೆ?" ಎಂದು ನನ್ನನ್ನು ಕೇಳಿದರು.

"ಬಲಗಡೆ."

"ಎಡಗಡೆ ಅಭ್ಯಾಸ ಮಾಡಿಸ್ತಿರಲಿಲ್ವಾ?"

"ಇಲ್ಲ."

ಅವರು ಫಿಲ್ಮ್ ಇಳಿಸಿ ನನ್ನನ್ನೇ ನೋಡಿದರು. "ಇದು ಇವತ್ತಿಂದಲ್ಲ. ತಿಂಗಳುಗಟ್ಟಲೆ ನೋವು ಇದ್ದಿರಬೇಕು. ಹೇಳಿರಬೇಕಲ್ಲ ಯಾರಿಗಾದ್ರೂ?"

ಆಗಲೂ ನಾನು ಹೇಳಲಿಲ್ಲ. ಡಾಕ್ಟರು ನಿಟ್ಟುಸಿರು ಬಿಟ್ಟು ಚೀಟಿ ಬರೆಯಲು ಕೂತರು. ಆಪರೇಷನ್ ಈಗಲೇ ಬೇಡ, ಮೂರು ತಿಂಗಳು ನೋಡೋಣ, ಆದರೆ ಜೂಡೊ ಇಲ್ಲಿಗೆ ಮುಗಿಯಿತು, ಭಾರ ಎತ್ತುವುದು ಮರೆತುಬಿಡಬೇಕು ಅಂದರು. ಪ್ರತಿಮಾ ಹಾಸಿಗೆಯ ಮೇಲೆ ಮಲಗಿ ಮೇಲೆ ನೋಡುತ್ತಿದ್ದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಆಮೇಲಿನದು ಉದ್ದ ಇಲ್ಲ. ಹಾಸ್ಟೆಲ್ ಸೀಟು ಫೈನಲ್ಲಿನಲ್ಲಿ ಗೆದ್ದ ಹುಡುಗಿಗೆ ಹೋಯಿತು. ಪ್ರತಿಮಾ ಪರೀಕ್ಷೆಗಳನ್ನು ಮುಂದಿನ ವರ್ಷ ನಿಂತುಕೊಂಡು ಬರೆದಳಂತೆ, ಎತ್ತರದ ಡೆಸ್ಕ್ ಕೇಳಿ ಹಾಕಿಸಿಕೊಂಡು. ನಾನು ಎರಡು ಸಲ ಮನೆಗೆ ಹೋಗಿ ನೋಡಿ ಬಂದೆ. ಮೂರನೇ ಸಲ ಹೋಗಲಿಲ್ಲ. ಶಾಲೆಯಲ್ಲಿ ಜೂಡೊ ನಿಲ್ಲಿಸಿದೆ. ಯಾಕೆ ಅಂದವರಿಗೆ ಮ್ಯಾಟು ಹರಿದಿದೆ ಅಂದೆ. ಮಂಜಪ್ಪನವರು ಪೇಟೆಯಲ್ಲಿ ಎದುರಾದರೆ ಮೊದಲಿನ ಹಾಗೆಯೇ ನಮಸ್ಕಾರ ಮೇಷ್ಟ್ರೇ ಎಂದು ಕೈ ಮುಗಿಯುತ್ತಿದ್ದರು. ಅವರು ಒಂದು ಸಲ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತೋ ಏನೋ.

ಹೊರನಾಡಿನಲ್ಲಿ ಬಸ್ಸಿಳಿದು ನಾನು ಬೇಕೆಂದೇ ದೇವಸ್ಥಾನದಿಂದ ದೂರದ ಒಂದು ಲಾಡ್ಜಿಗೆ ಹೋದೆ. ಕೌಂಟರಿನ ಹಿಂದೆ ನಿಂತಿದ್ದವಳು ಪ್ರತಿಮಾ. ತಪ್ಪಿಸಿಕೊಳ್ಳಲು ಹೋಗಿ ಸರಿಯಾಗಿ ಅಲ್ಲೇ ಹೋಗಿ ಬಿದ್ದಿದ್ದೆ.

"ಸರ್, ನೀವಾ?" ಅಂದಳು. ಮುಖ ತುಂಬಿಕೊಂಡಿತ್ತು, ನಗು ಅದೇ. ನನ್ನ ಹೆಂಡತಿಯನ್ನು ಅಮ್ಮ ಎಂದು ಮಾತಾಡಿಸಿ, ರೂಮಿನ ಕೀ ಕೊಟ್ಟು, ದರ್ಶನದ ಹೊತ್ತು ಹೇಳಿದಳು. ಹೆಂಡತಿ ಸ್ನಾನಕ್ಕೆಂದು ಮೇಲೆ ಹೋದಳು. ನಾನು ಕೌಂಟರಿನ ಎದುರು ಉಳಿದೆ.

ಗಂಡ ಜೀಪು ಓಡಿಸುತ್ತಾನೆ, ಲಾಡ್ಜು ಅವನ ಚಿಕ್ಕಪ್ಪನದು, ತಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದಳು. ಬೆನ್ನು ಹೇಗಿದೆ ಎಂದು ಕೇಳಲು ನನಗೆ ಎರಡು ಲೋಟ ನೀರು ಬೇಕಾಯಿತು.

"ಮಳೆಗಾಲದಲ್ಲಿ ಕಷ್ಟ. ಉಳಿದಂತೆ ನಡೀತದೆ. ನಿಂತ್ಕೊಳ್ಳೋ ಕೆಲಸ ಆದ್ರೆ ಆಗುತ್ತೆ," ಅಂದಳು.

"ಅವತ್ತು ಡಾಕ್ಟ್ರ ಮುಂದೆ ಯಾಕೆ ಹಾಗೆ ಹೇಳಿದೆ ಪ್ರತಿಮಾ?"

ಅವಳು ಪುಸ್ತಕದಲ್ಲಿ ನಮ್ಮ ಹೆಸರು ಬರೆಯುತ್ತಿದ್ದಳು. ಬರೆದು ಮುಗಿಸಿದ ಮೇಲೆ ಹೇಳಿದಳು. "ಅಪ್ಪ ಇದ್ರಲ್ಲ ಸರ್. ಅವ್ರ ಮುಂದೆ ನಿಮ್ಮದು ತಪ್ಪು ಅಂತ ಹೇಗೆ ಹೇಳ್ಲಿ? ಅವ್ರು ನಿಮ್ಮನ್ನ ಎಷ್ಟು ನಂಬಿದ್ರು. ನಾನು ಇವತ್ತೇ ಅಂದ್ರೆ ನೀವೇ ಬಾಯಿ ಹಾಕ್ತೀರಿ ಅಂದ್ಕೊಂಡೆ. ಇಲ್ಲ ಡಾಕ್ಟ್ರೇ, ಆಗಸ್ಟಿಂದ ಹೇಳ್ತಿದ್ಲು, ನಾನೇ ಕೇಳ್ಲಿಲ್ಲ ಅಂತ. ಆ ಮಿಷನ್ ಒಳಗೆ ಮಲಗಿದ್ದಾಗ್ಲೂ ಅದೇ ಯೋಚನೆ. ನಾನು ಹೊರಗೆ ಬರೋ ಹೊತ್ತಿಗೆ ಸರ್ ಅಪ್ಪನ ಹತ್ರ ಹೇಳಿರ್ತಾರೆ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು.

"ತಪ್ಪಾಯ್ತಮ್ಮ," ಅಂದೆ. ಆ ಮಾತು ಹೇಳಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು.

"ಹೂಂ ಸರ್," ಅಂದಳು.

ಪರವಾಗಿಲ್ಲ ಸರ್ ಎಂದು ಅವಳು ಅನ್ನಲಿಲ್ಲ. ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ ಅನ್ನುವುದು ನನಗೆ ಆಗಲೇ ಗೊತ್ತಾದದ್ದು.

ಅಷ್ಟರಲ್ಲಿ ಅವಳ ಅತ್ತೆ ಅಂಗನವಾಡಿಯಿಂದ ಮೂರು ವರ್ಷದ ಮೊಮ್ಮಗಳನ್ನು ಕರೆತಂದು ಬಿಟ್ಟು ಒಳಗೆ ಹೋದರು. ಮಗು ಓಡಿ ಬಂದು ಪ್ರತಿಮಾಳ ಕಾಲು ತಬ್ಬಿಕೊಂಡಿತು. ಆ ವಯಸ್ಸಿನ ಮಕ್ಕಳು ಅಮ್ಮನನ್ನು ಕಂಡರೆ ಎರಡೂ ಕೈ ಮೇಲೆತ್ತುತ್ತವೆ. ಇದು ಎತ್ತಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತು ಕಾಯಿತು. ಪ್ರತಿಮಾ ಒಂದು ಕೈ ಕೌಂಟರಿಗೆ ಊರಿ, ಬೆನ್ನು ಬಗ್ಗಿಸದೆ, ಮೊಣಕಾಲು ಮಡಿಸಿ, ಮೆಲ್ಲಗೆ ಮರದ ಸ್ಟೂಲಿನ ಮೇಲೆ ಕೂತಳು. ಅವಳು ಪೂರ್ತಿ ಕೂತ ಮೇಲೆ ಮಗು ತಾನೇ ಹತ್ತಿ ತೊಡೆಯೇರಿತು. ದಿನಾ ಮಾಡುವ ಕೆಲಸದ ಹಾಗೆ ಇಬ್ಬರೂ ಅದನ್ನು ಮಾಡಿದರು.

"ಹುಟ್ಟಿದಾಗಿಂದ ನಾನು ಎತ್ತಿಲ್ಲ ಸರ್. ಅತ್ತೆ ಎತ್ತಿ ಕೊಡ್ತಿದ್ರು. ಈಗ ಅದಕ್ಕೇ ಗೊತ್ತಾಗಿದೆ, ಅಮ್ಮ ಎತ್ತಲ್ಲ ಅಂತ," ಅಂದಳು.

ಫೋನು ಬಂತು. ಯಾರೋ ರೂಮು ಕೇಳುತ್ತಿದ್ದರು. ಅವಳು ಮಗುವನ್ನು ಇಳಿಸಿ, ಕೌಂಟರು ಹಿಡಿದು ಎದ್ದು ಪುಸ್ತಕ ತೆರೆದಳು. ಮಗು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿತು. ಹತ್ತಿರ ಬಂದು ಎರಡೂ ಕೈ ಮೇಲೆತ್ತಿ, "ಎತ್ತಿ," ಅಂದಿತು.

ನಾನು ಬಗ್ಗಿ ಎತ್ತಿಕೊಂಡೆ. ನನಗೆ ಅರವತ್ತೊಂದು. ಸೊಂಟದಲ್ಲಿ ಎಲ್ಲೂ ಒಂದು ಚೂರು ನೋವು ಬರಲಿಲ್ಲ.